ಬಲೆಯ ಬಾಯಿ, ಬಲೆಯ ಕಣ್ಣು

ಮಲ್ಪೆ ಬಂದರಿನಲ್ಲಿ ನಿಂತ ಟ್ರಾಲ್ ಬೋಟುಗಳ ಹಿಂಬದಿಯಲ್ಲಿ ಎಡಕ್ಕೊಂದು, ಬಲಕ್ಕೊಂದು ಭಾರದ ಹಲಗೆ ತೂಗುತ್ತಿರುತ್ತದೆ. ಬೋರ್ಡ್ ಎಂದು ಕರೆಯುವ ಈ ಜೋಡಿ ಇಲ್ಲದಿದ್ದರೆ ಬಲೆ ಬಾಯಿಯನ್ನೇ ತೆರೆಯದು. ಎಳೆಯುವಾಗ ಬೋರ್ಡುಗಳು ನೀರಿಗೆ ಓರೆಯಾಗಿ ನಿಂತು, ಗಾಳಿಪಟ ಗಾಳಿಗೆ ಏರುವ ಹಾಗೆ, ಎರಡೂ ಬದಿಗೆ ದೂರ ಸರಿಯುತ್ತವೆ. ಮೇಲಿನ ಹಗ್ಗವನ್ನು ತೇಲುಗುಂಡುಗಳು ಎತ್ತುತ್ತವೆ, ಕೆಳಹಗ್ಗವನ್ನು ಸರಪಳಿಯ ಭಾರ ತಳಕ್ಕೆ ಒತ್ತುತ್ತದೆ.

ಬಾಯಿ ದೊಡ್ಡದಾದಷ್ಟೂ ಮೀನು ಹೆಚ್ಚು ಎಂಬ ಲೆಕ್ಕ ಅರ್ಧ ಮಾತ್ರ ಸರಿ. ಸ್ಕಾಟ್ಲೆಂಡಿನ ಅಬರ್ಡೀನ್ ಕಡಲ ಪ್ರಯೋಗಾಲಯದ ವಿಜ್ಞಾನಿಗಳು ನೀರಿನಡಿ ಚಿತ್ರೀಕರಿಸಿ ನೋಡಿದಾಗ ಕಂಡದ್ದು ಒಂದು ಓಟದ ಸ್ಪರ್ಧೆ. ಬೋರ್ಡು ಎಬ್ಬಿಸಿದ ಕೆಸರಿನ ಮೋಡ ಮೀನುಗಳನ್ನು ನಡುವಿಗೆ ಅಟ್ಟುತ್ತದೆ. ಬಾಯಿಯೆದುರು ಬಂದ ಮೀನು ತಿರುಗಿ, ಬಲೆ ಸಾಗುವ ದಿಕ್ಕಿಗೇ, ಅದರಷ್ಟೇ ವೇಗವಾಗಿ ಈಜತೊಡಗುತ್ತದೆ. ಸುಸ್ತಾದಾಗ ಹಿಂದಕ್ಕೆ ಬೀಳುತ್ತದೆ, ಒಳಗೆ ಹೋಗುತ್ತದೆ.

ಬಲೆ 3 ನಾಟ್ ವೇಗದಲ್ಲಿ ಸಾಗಿದರೆ ಅದು ಸೆಕೆಂಡಿಗೆ ಸುಮಾರು ಒಂದೂವರೆ ಮೀಟರ್. 30 ಸೆಂಟಿಮೀಟರಿನ ಮೀನು ಸೆಕೆಂಡಿಗೆ ತನ್ನ ಮೈಯುದ್ದದ ಐದು ಪಟ್ಟು ಈಜಿದರೆ ಸಾಕು. 15 ಸೆಂಟಿಮೀಟರಿನ ಮರಿಗೆ ಹತ್ತು ಪಟ್ಟು ಬೇಕು. ಹಾಗಾಗಿ ಮೊದಲು ಸೋಲುವುದು ಮರಿಯೇ. ಬಲೆಯ ಮುಂಭಾಗದಲ್ಲಿ ಮೀನು ದಾಟಿಹೋಗುವಷ್ಟು ದೊಡ್ಡ ಕಣ್ಣಿದ್ದರೂ ಮೀನು ಬೆದರಿ ನುಸುಳದೆ ನಡುವಿಗೇ ಸರಿಯುತ್ತದೆ. ಹಾಗಾಗಿ ಅಲ್ಲಿ ದೊಡ್ಡ ಕಣ್ಣಿಟ್ಟು ನೂಲು ಕಡಿಮೆ ಬಳಸಿದರೆ ನೀರಿನ ಎಳೆತ ತಗ್ಗಿ ಡೀಸೆಲ್ ಉಳಿಯುತ್ತದೆ.

ನಿಜವಾದ ತೀರ್ಮಾನ ಆಗುವುದು ಬಲೆಯ ತುದಿಯಲ್ಲಿ ಮೀನು ಸೇರುವ ಬಾಲದ ಚೀಲದಲ್ಲಿ. ಮಾಮೂಲಿ ಬಲೆಯ ಕಣ್ಣು ವಜ್ರಾಕಾರದ್ದು. ಹಿಡಿದ ಮೀನಿನ ಭಾರಕ್ಕೆ ಚೀಲ ಉದ್ದಕ್ಕೆ ಸೆಳೆದುಕೊಂಡಾಗ ಆ ಕಣ್ಣು ಬಹುಪಾಲು ಮುಚ್ಚಿಹೋಗುತ್ತದೆ. ಮರಿಗೆ ದಾರಿ ಕಿರಿದಾಗುತ್ತದೆ. ಅದೇ ಬಲೆಯನ್ನು 45 ಡಿಗ್ರಿ ತಿರುಗಿಸಿ ಕತ್ತರಿಸಿ ಹೊಲಿದರೆ ಕಣ್ಣು ಚೌಕವಾಗುತ್ತದೆ, ಎಳೆತದಲ್ಲೂ ತೆರೆದೇ ಇರುತ್ತದೆ. ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆ ಶಿಫಾರಸು ಮಾಡುತ್ತ ಬಂದಿರುವುದು ಇದನ್ನೇ. ಕೈಗೆ ಬಂದ ಮೀನು ಜಾರಿಹೋಗುತ್ತದಲ್ಲ ಎಂಬ ಬೋಟ್ ಮಾಲೀಕರ ಆತಂಕ ಸಹಜವೇ. ಆದರೆ ಮದಿಮಾಲು ಮೀನಿನ ಬೆರಳುದ್ದದ ಮರಿ ಮಾರುಕಟ್ಟೆಗೆ ಹೋಗುವುದಿಲ್ಲ. ಫಿಶ್‌ಮೀಲ್ ಕಾರ್ಖಾನೆಗೆ ಪುಡಿಗಾಸಿಗೆ ಹೋಗುತ್ತದೆ. ಅದು ಒಮ್ಮೆ ಮೊಟ್ಟೆಯಿಟ್ಟ ಮೇಲೆ ಸಿಕ್ಕಿದರೆ ಬೋಟಿಗೂ ಕಡಲಿಗೂ ಲಾಭ. ಇದಕ್ಕಾಗಿ ಇಡೀ ಬಲೆ ಬದಲಿಸಬೇಕಾಗಿಲ್ಲ, ಬಾಲದ ಚೀಲವೊಂದನ್ನು ಬಿಚ್ಚಿ ಬೇರೆಯದನ್ನು ಹೊಲಿದರಾಯಿತು.