ಡಿಪ್‌ಸ್ಟಿಕ್‌ನಲ್ಲಿ ಏರುವ ಆಯಿಲ್: ಇಂಜಿನ್ ಆಯಿಲ್‌ಗೆ ಡೀಸೆಲ್ ಬೆರೆತಿರುವುದನ್ನು ಗುರುತಿಸುವ ಬಗೆ

ಇಂಜಿನ್ ಆಯಿಲ್ ಮಟ್ಟ ಇಳಿದರೆ ಎಲ್ಲರೂ ಎಚ್ಚೆತ್ತುಕೊಳ್ಳುತ್ತಾರೆ. ಏರಿದರೆ ಯಾರೂ ಪ್ರಶ್ನಿಸುವುದಿಲ್ಲ. ಡೀಸೆಲ್ ವಾಹನದಲ್ಲಿ ಎರಡನೆಯದೇ ಹೆಚ್ಚು ಅಪಾಯಕಾರಿ. ಹೊರಗಿನಿಂದ ಸುರಿಯದೆ ಆಯಿಲ್ ತಾನಾಗಿ ಹೆಚ್ಚಲಾರದು. ಹೆಚ್ಚಿದೆ ಎಂದರೆ ಸಂಪ್‌ಗೆ ಡೀಸೆಲ್ ಅಥವಾ ನೀರು ಸೇರುತ್ತಿದೆ ಎಂದರ್ಥ. ನೀರು ಸೇರಿದ ಆಯಿಲ್ ಹಾಲು ಬೆರೆಸಿದ ಚಹಾದಂತೆ ಕಾಣುವುದರಿಂದ ಬೇಗ ಪತ್ತೆಯಾಗುತ್ತದೆ. ಡೀಸೆಲ್ ಸೇರಿದರೆ ಬಣ್ಣ ಏನನ್ನೂ ಹೇಳುವುದಿಲ್ಲ. ಡೀಸೆಲ್ ಇಂಜಿನ್‌ನ ಆಯಿಲ್ ಮಸಿಯಿಂದ ಹೇಗೂ ಕಪ್ಪಾಗಿಯೇ ಇರುತ್ತದೆ.

ಇಟ್ಟಿಗಿಯಂತಹ ಊರಿನ ಓಣಿಗಳಲ್ಲಿ ಮನೆಮನೆಗೆ ನಿಲ್ಲುತ್ತ ಸಾಗುವ ಕಸ ಸಂಗ್ರಹಣಾ ವಾಹನಕ್ಕೆ ಈ ತೊಂದರೆ ಹತ್ತಿರದ್ದು. ಇಂಜಿನ್ ಬಹುಹೊತ್ತು ನಿಂತಲ್ಲೇ ಓಡುವುದರಿಂದ ದಹನ ಅಪೂರ್ಣವಾಗಿ, ಉರಿಯದ ಡೀಸೆಲ್ ಸಿಲಿಂಡರ್ ಗೋಡೆಯಗುಂಟ ರಿಂಗ್‌ಗಳನ್ನು ದಾಟಿ ಕೆಳಗಿಳಿಯುತ್ತದೆ. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ಮಾನದಂಡದ, ಮಸಿ ಫಿಲ್ಟರ್ ಅಳವಡಿಸಿದ ವಾಹನಗಳಲ್ಲಿ ಫಿಲ್ಟರ್ ಸುಡಲೆಂದು ಹೆಚ್ಚುವರಿ ಡೀಸೆಲ್ ಚಿಮ್ಮಿಸುವ ಕ್ರಮವಿದ್ದು, ಅದು ನಡುವೆ ಪದೇ ಪದೇ ನಿಂತರೂ ಇದೇ ಪರಿಣಾಮವಾಗುತ್ತದೆ.

ಪರೀಕ್ಷೆಗೆ ಖರ್ಚಿಲ್ಲ. ಬೆಳಿಗ್ಗೆ ಇಂಜಿನ್ ಚಾಲೂ ಮಾಡುವ ಮೊದಲು, ಪ್ರತಿ ಬಾರಿಯೂ ಅದೇ ಸಮತಟ್ಟಾದ ಜಾಗದಲ್ಲಿ ಡಿಪ್‌ಸ್ಟಿಕ್ ಒರೆಸಿ ಅಳೆದು ಲಾಗ್ ಪುಸ್ತಕದಲ್ಲಿ ಬರೆಯಬೇಕು. ಆಯಿಲ್ ಬೆರಳಲ್ಲಿ ನೀರಿನಂತೆ ಜಾರಿದರೆ, ಡೀಸೆಲ್ ವಾಸನೆ ಇದ್ದರೆ ಸಂಶಯಿಸಬೇಕು. ಫಿಲ್ಟರ್ ಕಾಗದದ ಮೇಲೆ ಒಂದು ಹನಿ ಬಿಟ್ಟಾಗ ನಡುವಿನ ಕಪ್ಪು ಕಲೆಯ ಸುತ್ತ ತಿಳಿಯಾದ ಅಗಲ ಉಂಗುರ ಹರಡಿದರೆ ಸಂಶಯ ಬಲಗೊಳ್ಳುತ್ತದೆ. ಇದು ಸೂಚನೆ ಮಾತ್ರ. ಪ್ರಮಾಣ ತಿಳಿಯಲು ಪ್ರಯೋಗಾಲಯವೇ ಬೇಕು. 15ಡಬ್ಲ್ಯೂ-40 ದರ್ಜೆಯ ಹೊಸ ಆಯಿಲ್‌ನ ಸ್ನಿಗ್ಧತೆ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 12.5 ಸೆಂಟಿಸ್ಟೋಕ್ಸ್‌ಗಿಂತ ಕಡಿಮೆ ಇರುವಂತಿಲ್ಲ; ವರದಿಯ ಅಂಕಿಯನ್ನು ಇದಕ್ಕೆ ಹೋಲಿಸಬಹುದು. 5 ಲೀಟರ್ ಆಯಿಲ್‌ಗೆ ಕಾಲು ಲೀಟರ್ ಡೀಸೆಲ್ ಸೇರಿದರೂ ಸುಮಾರು ಶೇ. 5 ಆಯಿತು, ಬೇರಿಂಗ್ ಸವೆಯಲು ಅಷ್ಟು ಸಾಕು. ಆಯಿಲ್ ಸುಡುವ ಹಳೆಯ ಇಂಜಿನ್‌ನಲ್ಲಿ ಡೀಸೆಲ್ ಆ ಕೊರತೆಯನ್ನು ತುಂಬುವುದರಿಂದ, ತಿಂಗಳುಗಟ್ಟಲೆ ಕದಲದ ಮಟ್ಟವೂ ನಂಬಿಕೆಗೆ ಅರ್ಹವಲ್ಲ.

ಮೂಲ ಹುಡುಕುವಾಗ ಹೊಗೆ ನೆರವಾಗುತ್ತದೆ. ಇಂಜೆಕ್ಟರ್ ತೊಟ್ಟಿಕ್ಕುತ್ತಿದ್ದರೆ ಹೊಗೆ ಹೆಚ್ಚಿ ಇಂಜಿನ್ ಕುಲುಕುತ್ತದೆ. ಅವುಗಳನ್ನು ಕಳಚಿ ಪರೀಕ್ಷಾ ಯಂತ್ರದಲ್ಲಿ ನೋಡಿಸಬೇಕು. ಹೊಗೆಯಿಲ್ಲದೆ, ಕುಲುಕಾಟವಿಲ್ಲದೆ ಮಟ್ಟ ಏರುತ್ತಿದ್ದರೆ ಇಂಧನ ಪಂಪ್‌ನ ಸೀಲ್ ಅನ್ನು ಮೊದಲು ಸಂಶಯಿಸಬೇಕು. ಟ್ರ್ಯಾಕ್ಟರ್, ಲಾರಿಗಳಿಗೂ ಇದೇ ಕ್ರಮ.

ಮಾನ್ಯ ಸದಸ್ಯರು ಗಮನಿಸಬೇಕಾದುದು ಬಿಲ್ಲನ್ನು. ಆಯಿಲ್ ಬದಲಾವಣೆಯ ಬಿಲ್ಲು ಮಾತ್ರ ಮತ್ತೆ ಮತ್ತೆ ಬಂದು ಇಂಜೆಕ್ಟರ್ ಅಥವಾ ಪಂಪ್ ಪರೀಕ್ಷೆಯ ಉಲ್ಲೇಖವೇ ಇಲ್ಲದಿದ್ದರೆ, ರೋಗ ಹಾಗೆಯೇ ಉಳಿದಿದೆ. ಇಂಜಿನ್ ಸೀಜ್ ಆದ ದಿನ ಬೊಟ್ಟು ತೋರುವುದು ಚಾಲಕಿಯತ್ತ. ಬರೆದಿಟ್ಟ ಲಾಗ್ ಪುಸ್ತಕ ಆಕೆಗೂ ರಕ್ಷಣೆ. ದುರಸ್ತಿಯ ಬಳಿಕ ಆಯಿಲ್ ಮತ್ತು ಫಿಲ್ಟರ್ ಎರಡನ್ನೂ ಬದಲಿಸಿ, ಒಂದು ವಾರ ಪ್ರತಿದಿನ ಮಟ್ಟ ದಾಖಲಿಸಿದ ನಂತರವೇ ಕಾಮಗಾರಿ ಪೂರ್ಣವೆಂದು ಒಪ್ಪುವುದು ಸೂಕ್ತ. ಮಟ್ಟ ಗರಿಷ್ಠ ಗುರುತನ್ನು ದಾಟಿದ ವಾಹನವನ್ನು ಮಾತ್ರ ಚಾಲೂ ಮಾಡಲೇಬಾರದು. ತೆಳುವಾದ ಆಯಿಲ್ ಉಸಿರ್ಗೊಳವೆಯಿಂದ ಸಿಲಿಂಡರ್ ಸೇರಿದರೆ ಇಂಜಿನ್ ಅದನ್ನೇ ಇಂಧನವಾಗಿ ಉರಿಸುತ್ತ, ಕೀಲಿ ತೆಗೆದರೂ ನಿಲ್ಲದೆ ವೇಗ ಏರಿಸಿಕೊಂಡು ಒಡೆಯಬಹುದು. ಅಂತಹ ವಾಹನವನ್ನು ವರ್ಕ್‌ಶಾಪ್‌ಗೆ ಎಳೆದೊಯ್ಯಬೇಕು.