ಗೋಬಿಗೆ ಬಣ್ಣ ಹಾಕಿದರೆ ಏಳು ವರ್ಷ ಜೈಲೇ?

ಚುಂಚನಕಟ್ಟೆ ಜಾತ್ರೆಯಿಂದ ಹಿಡಿದು ಮಿರ್ಲೆ, ಹುಣಸೂರು, ಪಿರಿಯಾಪಟ್ಟಣದ ಬೀದಿಗಳವರೆಗೆ ಗೋಬಿ ಗಾಡಿ ಇಲ್ಲದ ಜಾಗ ಅಪರೂಪ. ಗೋಬಿಗೆ ಕಲರ್ ಹಾಕಿ ಸಿಕ್ಕಿಬಿದ್ದರೆ ಏಳು ವರ್ಷ ಜೈಲು, ಹತ್ತು ಲಕ್ಷ ದಂಡ ಎಂದು ನಂಬಿದವರೂ ಕಡಿಮೆಯಿಲ್ಲ. ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2024ರ ಮಾರ್ಚ್ 11ರಂದು ಗೋಬಿ ಮಂಚೂರಿಗೂ ಕಾಟನ್ ಕ್ಯಾಂಡಿಗೂ ಕೃತಕ ಬಣ್ಣ ಬಳಸುವುದನ್ನು ನಿಷೇಧಿಸಿದಾಗ, ಆ ಸುದ್ದಿಯ ಬೆನ್ನಿಗೇ ಈ ಮಾತೂ ಹಬ್ಬಿತು. ನಿಷೇಧಕ್ಕೆ ಕಾರಣ ಗಟ್ಟಿಯಾಗಿತ್ತು: ರಾಜ್ಯದಲ್ಲಿ ಪರೀಕ್ಷಿಸಿದ 171 ಗೋಬಿ ಮಾದರಿಗಳಲ್ಲಿ 107, 25 ಕಾಟನ್ ಕ್ಯಾಂಡಿ ಮಾದರಿಗಳಲ್ಲಿ 15 ಅಸುರಕ್ಷಿತ ಎಂದು ಬಂದಿದ್ದವು. ಶಿಕ್ಷೆಯ ಲೆಕ್ಕ ಮಾತ್ರ ಅಷ್ಟು ಸರಳವಲ್ಲ. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ 59ನೇ ಕಲಮಿನಲ್ಲಿ ಏಳು ವರ್ಷದಿಂದ ಜೀವಾವಧಿಯವರೆಗಿನ ಶಿಕ್ಷೆ ಇರುವುದು ತಿಂದವರು ಸತ್ತರೆ. ಯಾರಿಗೂ ಏನೂ ಆಗದಿದ್ದರೆ ಹೆಚ್ಚೆಂದರೆ ಮೂರು ತಿಂಗಳು ಜೈಲು, ಮೂರು ಲಕ್ಷದವರೆಗೆ ದಂಡ. 2023ರ ತಿದ್ದುಪಡಿಗೆ ಮೊದಲು ಇದು ಆರು ತಿಂಗಳು, ಒಂದು ಲಕ್ಷ ಇತ್ತು. ಇನ್ನು ಬರೀ ಕಳಪೆ ಗುಣಮಟ್ಟದ ಮಾಲಿಗೆ ಜೈಲೇ ಇಲ್ಲ, ದಂಡ ಮಾತ್ರ. ಅದು ಕೋರ್ಟಿನ ಮೆಟ್ಟಿಲನ್ನೂ ಹತ್ತದೆ ಅಪರ ಜಿಲ್ಲಾಧಿಕಾರಿ ಮಟ್ಟದಲ್ಲೇ ತೀರ್ಮಾನವಾಗುತ್ತದೆ.

ಇಲ್ಲದ ಶಿಕ್ಷೆಯ ಹೆದರಿಕೆಯಿಂದ ಆಹಾರ ಶುದ್ಧವಾಗುವುದಿಲ್ಲ. ಕೇಸು ಗಟ್ಟಿಯಾಗಿ ನಿಲ್ಲುವುದು ಮಾದರಿಯ ಬಲದ ಮೇಲೆ. ಅಧಿಕಾರಿ ಬಂದು ಬಾಣಲೆ ಮಗುಚಿ ಹೋದರೆ ಟಿವಿಗೆ ದೃಶ್ಯ ಸಿಗಬಹುದು, ನ್ಯಾಯಾಲಯಕ್ಕೆ ಏನೂ ಸಿಗದು. ತೆಗೆದ ಮಾದರಿಯನ್ನು ನಾಲ್ಕು ಭಾಗ ಮಾಡಿ ಮೊಹರು ಹಾಕಬೇಕು. ಒಂದು ಆಹಾರ ವಿಶ್ಲೇಷಕರಿಗೆ, ಎರಡು ಆಹಾರ ಸುರಕ್ಷತಾ ಅಂಕಿತಾಧಿಕಾರಿಗೆ. ವ್ಯಾಪಾರಿ ಕೇಳಿದರೆ ನಾಲ್ಕನೆಯದು ಮಾನ್ಯತೆ ಪಡೆದ ಬೇರೆ ಲ್ಯಾಬಿಗೆ. ವರದಿಗೆ 14 ದಿನದ ಗಡುವು, ಅದನ್ನು ಪ್ರಶ್ನಿಸಲು ವ್ಯಾಪಾರಿಗೆ 30 ದಿನ. ಇದೆಲ್ಲ ತಪ್ಪಿತಸ್ಥರು ನುಣುಚಿಕೊಳ್ಳಲು ಬಿಟ್ಟ ಕಿಂಡಿಯಲ್ಲವೇ ಎನ್ನುವವರಿದ್ದಾರೆ. ಕಣ್ಣಿಗೆ ಕೆಂಪಾಗಿ ಕಂಡ ಮಾತ್ರಕ್ಕೆ ಒಬ್ಬನನ್ನು ಜೈಲಿಗೆ ಹಾಕಬಹುದಾದರೆ ಬ್ಯಾಡಗಿ ಮೆಣಸಿನಕಾಯಿ ಅರೆದು ಹಾಕಿದವನ ಗತಿಯೇನು?

ಪ್ಯಾಕೆಟ್ ಮೇಲೆ ‘ಫುಡ್ ಕಲರ್’ ಎಂದಿದ್ದರೆ ಸಾಕು ಎಂಬುದು ಗಾಡಿಯವರ ಕಡೆಯ ತಪ್ಪು ತಿಳಿವಳಿಕೆ. ಗೋಬಿಯಲ್ಲಿ ಸಿಕ್ಕ ಟಾರ್ಟ್ರಜಿನ್, ಸನ್‌ಸೆಟ್ ಯೆಲ್ಲೋ, ಕಾರ್ಮೋಸಿನ್ ಕೆಲವು ತಿಂಡಿಗಳಿಗೆ ಮಿತಿಯೊಳಗೆ ಒಪ್ಪಿತವಾದ ಬಣ್ಣಗಳೇ, ಗೋಬಿಗೆ ಅಲ್ಲ. ಕಾಟನ್ ಕ್ಯಾಂಡಿಯಲ್ಲಿ ಸಿಕ್ಕ ರೋಡಮೈನ್-ಬಿ ಯಾವ ಆಹಾರಕ್ಕೂ ಸಲ್ಲದು. ಅದು ಬಟ್ಟೆಗೆ ಹಾಕುವ ಬಣ್ಣ. ಬಡಪಾಯಿ ಗಾಡಿಯವನನ್ನು ಹಿಡಿದು ಪುಡಿ ಮಾರಿದವನನ್ನು ಬಿಡುವುದು ಯಾವ ನ್ಯಾಯ ಎಂಬ ಆಕ್ಷೇಪ ನನಗೂ ಸರಿ ಎನಿಸುತ್ತದೆ. ಆದರೆ ಗಾಡಿಯಿಂದ ಪುಡಿ ಅಂಗಡಿಗೆ ತಲುಪುವ ದಾರಿ ಒಂದು ಬಿಲ್ಲು. ಸಂತೆಯಲ್ಲಿ ಬಿಲ್ಲು ಯಾರು ಕೊಡುತ್ತಾರೆ ಎಂದು ನಗಬಹುದು. ಅದು ಇಲ್ಲದೆ ಹೋದರೆ ಹೊಣೆ ಗಾಡಿಯವನ ತಲೆಯ ಮೇಲೇ ಉಳಿಯುತ್ತದೆ. ಸಣ್ಣ ವ್ಯಾಪಾರಿ ಕಾಯ್ದೆಯ ಹೊರಗಿಲ್ಲ. ತಳ್ಳುಗಾಡಿಯವರೂ ನೋಂದಣಿಯ ವ್ಯಾಪ್ತಿಗೆ ಬರುತ್ತಾರೆ.

ಅಧಿಕಾರಿ ಬಂದರಷ್ಟೇ ಪರೀಕ್ಷೆ ಎಂಬುದೂ ನಿಜವಲ್ಲ. 40ನೇ ಕಲಮಿನ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಆಹಾರವನ್ನು ವಿಶ್ಲೇಷಕರಿಗೆ ಕೊಡಬಹುದು. ಪರೀಕ್ಷೆಗೆ ಕಳಿಸುತ್ತೇನೆಂದು ಕೊಳ್ಳುವಾಗಲೇ ಮಾರುವವರಿಗೆ ಹೇಳಿರಬೇಕು. ಮಾಲು ಕಾಯ್ದೆಗೆ ತಕ್ಕಂತಿಲ್ಲವೆಂದು ವರದಿ ಬಂದರೆ ಕಟ್ಟಿದ ಶುಲ್ಕ ವಾಪಸು ಸಿಗುತ್ತದೆ.