ಗೋವೆಯ ಸತ್ಯಾಗ್ರಹವೂ ಪರರಾಷ್ಟ್ರ ಸಂಬಂಧವೂ

ಪ್ರಜೆಗಳು ತಾವಾಗಿಯೇ ಹೂಡಿದ ಚಳುವಳಿಯು ಸರಕಾರದ ಕೃತ್ಯವಲ್ಲ. ಆದರೂ ಅದು ಗಡಿಯನ್ನು ದಾಟಿದೊಡನೆ ಪರರಾಷ್ಟ್ರಗಳು ಅದನ್ನು ಸರಕಾರದ ಲೆಕ್ಕಕ್ಕೇ ಬರೆಯುತ್ತವೆ. 1950ರಲ್ಲಿ ಗಣರಾಜ್ಯವಾದ ಭಾರತಕ್ಕೆ ಈ ಇಕ್ಕಟ್ಟು ಎಷ್ಟು ಕಠಿನವಾಗಿತ್ತೆಂಬುದು ಗೋವೆಯ ಪ್ರಸಂಗದಿಂದ ವಿಶದವಾಗುತ್ತದೆ.

ಗೋವೆಗೆ ಹೊಂದಿಕೊಂಡ ಉತ್ತರ ಕನ್ನಡ ಜಿಲ್ಲೆಗೆ ಸತ್ಯಾಗ್ರಹವು ಹೊಸತಾಗಿರಲಿಲ್ಲ. ಎಕ್ಕಂಬಿಯೇ ಮೊದಲಾದ ಹಳ್ಳಿಗಳುಳ್ಳ ಶಿರಸಿ ಸೀಮೆಯೂ ಅದರ ನೆರೆಯ ಸಿದ್ದಾಪುರವೂ 1930ರ ದಶಕದ ಆದಿಯ ಕಾಯಿದೆಭಂಗದಲ್ಲಿ ಹೆಸರಾಗಿದ್ದವು. ಕರನಿರಾಕರಣೆಗಾಗಿ ಸಿದ್ದಾಪುರದ ರೈತರು ಭೂಮಿಕಾಣಿಗಳನ್ನೇ ಕಳೆದುಕೊಂಡರು. ಅದಾದರೋ ಆಳುವವರಿಗೂ ಪ್ರಜೆಗಳಿಗೂ ನಡುವಣ ವಿವಾದ. ಅದೇ ಆಯುಧವನ್ನು ಸ್ವತಂತ್ರ ದೇಶದ ಪ್ರಜೆಗಳು ಪೋರ್ಚುಗೀಸರ ಮೇಲೆ ಹಿಡಿದಾಗ ಅದರ ಪರಿಣಾಮವೇ ಬೇರೆಯಾಯಿತು.

1954ರಲ್ಲಿ ಸ್ವಯಂಸೇವಕರು ದಾದ್ರಾ ಮತ್ತು ನಗರ ಹವೇಲಿಗಳನ್ನು ಪೋರ್ಚುಗೀಸರಿಂದ ಬಿಡಿಸಿದರು. 1955ರ ಆಗಸ್ಟ್ 15ರಂದು ನಿರಾಯುಧರಾದ ಸತ್ಯಾಗ್ರಹಿಗಳು ಗೋವೆಯ ಗಡಿಯನ್ನು ಹೊಕ್ಕಾಗ ಗುಂಡೇಟಿಗೆ 20ಕ್ಕೂ ಹೆಚ್ಚು ಜನ ಬಲಿಯಾದರು. ಜನಾಕ್ರೋಶವನ್ನು ಅಲಕ್ಷಿಸಿದರೆ ಪ್ರಜಾಸತ್ತೆಗೆ ಅರ್ಥವಿಲ್ಲ. ಅದರ ಬೆನ್ನು ಹತ್ತಿದರೆ ಶಾಂತಿನೀತಿಗೆ ಭಂಗ. ಸರಕಾರವು ಗೋವೆಯಲ್ಲಿದ್ದ ತನ್ನ ಕಾನ್ಸಲ್ ಕಚೇರಿಯನ್ನು ಸೆಪ್ಟೆಂಬರಿನಲ್ಲಿ ಮುಚ್ಚಿತು. ಸತ್ಯಾಗ್ರಹಿಗಳು ಗಡಿ ದಾಟುವುದನ್ನೂ ತಡೆಯಿತು. ವೈಮನಸ್ಯವು ಪೋರ್ಚುಗಲ್ಲಿನೊಡನೆಯೇ ನಿಲ್ಲಲಿಲ್ಲ. ಅದೇ ಡಿಸೆಂಬರಿನಲ್ಲಿ ಅಮೆರಿಕದ ವಿದೇಶಾಂಗ ಸಚಿವ ಡಲೆಸ್ಸರು ಪೋರ್ಚುಗೀಸ್ ಸಚಿವ ಕುನ್ಯಾರೊಡನೆ ಹೊರಡಿಸಿದ ಹೇಳಿಕೆಯು ಈ ವಸಾಹತುಗಳನ್ನು ಪೋರ್ಚುಗಲ್ಲಿನ ಪ್ರಾಂತಗಳೆಂದು ಕರೆದುದರಿಂದ ಭಾರತದಲ್ಲಿ ತೀವ್ರ ಅಸಮಾಧಾನವುಂಟಾಯಿತು.

ದಾದ್ರಾ ಮತ್ತು ನಗರ ಹವೇಲಿಗಳಿಗೆ ಹೋಗುವ ದಾರಿಯ ಹಕ್ಕನ್ನು ಕುರಿತು ಪೋರ್ಚುಗಲ್ ಹೇಗಿನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ 1955ರಲ್ಲಿಯೇ ದಾವೆ ಹೂಡಿತು. 1960ರ ಏಪ್ರಿಲ್ 12ರ ತೀರ್ಪು ವಿಚಾರಾರ್ಹವಾದುದು. ಖಾಸಗಿ ಜನ, ಮುಲ್ಕಿ ಅಧಿಕಾರಿಗಳು ಮತ್ತು ಸರಕುಗಳಿಗೆ ದಾರಿಯ ಹಕ್ಕುಂಟು, ಸೈನ್ಯಕ್ಕಿಲ್ಲ. ಆದರೆ ಆ ಪ್ರದೇಶದಲ್ಲಿ ಆಗ ನೆಲಸಿದ್ದ ಕ್ಷೋಭೆಯನ್ನು ನೋಡಿದರೆ, ಭಾರತವು ದಾರಿಯನ್ನು ನಿರಾಕರಿಸಿದುದು ಕರ್ತವ್ಯಲೋಪವಲ್ಲ, ಎಂದು ನ್ಯಾಯಾಲಯವು ನಿರ್ಣಯಿಸಿತು. ಸರಕಾರವನ್ನು ಇಕ್ಕಟ್ಟಿಗೆ ಸಿಕ್ಕಿಸಿದ ಕ್ಷೋಭೆಯೇ ಇಲ್ಲಿ ಅದರ ಸಮರ್ಥನೆಗೂ ಆಧಾರವಾಯಿತು.

1961ರ ಡಿಸೆಂಬರಿನಲ್ಲಿ ಭಾರತದ ಸೈನ್ಯವೇ ಗೋವೆಯನ್ನು ಪ್ರವೇಶಿಸಿದಾಗ ಇಂತಹ ಸಮಾಧಾನಕ್ಕೆ ಅವಕಾಶವಿರಲಿಲ್ಲ. ಭದ್ರತಾ ಸಮಿತಿಯಲ್ಲಿ ಭಾರತಕ್ಕೆ ವಿರುದ್ಧವಾದ ಗೊತ್ತುವಳಿಗೆ 7 ಮತಗಳು ಬಂದವು. ಅದು ಬಿದ್ದುಹೋದುದು ಸೋವಿಯತ್ ಒಕ್ಕೂಟದ ನಿಷೇಧಾಧಿಕಾರದಿಂದ. ಗೋವೆಯ ಮೇಲಣ ಭಾರತದ ಪ್ರಭುತ್ವವನ್ನು ಪೋರ್ಚುಗಲ್ ಒಪ್ಪಿದುದು 1974ರಲ್ಲಿ.

ಇದರಿಂದ ಸಿದ್ಧವಾಗುವುದಿಷ್ಟು: ಗಣರಾಜ್ಯವು ತನ್ನ ಪ್ರಜೆಗಳ ಕೂಗನ್ನು ಅಡಗಿಸಲಾರದು, ಅದರ ಹೊಣೆಯಿಂದ ನುಣುಚಿಕೊಳ್ಳಲೂ ಆರದು. ಒಳಗಿನ ಕ್ಷೋಭೆಯನ್ನು ಕ್ಷೋಭೆಯೆಂದೇ ಒಪ್ಪಿ, ಸಂಯಮದಿಂದ ನಡೆದುಕೊಂಡ ಮಟ್ಟಿಗೆ ಮಾತ್ರ ಅದರ ಮಾತಿಗೆ ಹೊರಗೆ ಮನ್ನಣೆ.